ಗೌಡರ ಐಸು ಪೆಟ್ಟಿಗೆಯ ಬಾಗಿಲ ರಬ್ಬರು

೧೯೪೪ರ ಬೇಸಿಗೆಯಲ್ಲಿ ನಾನು ಮಂಡ್ಯದಲ್ಲಿ ಕೆಲಸದ ಮೇಲಿದ್ದೆ. ಮೈಸೂರಿನಲ್ಲಿ ವಿದೇಶಿ ಸಾಮಾನು ಮಾರುತ್ತಿದ್ದ ಅಂಗಡಿಯೊಂದರ ಮೆಕ್ಯಾನಿಕ್ ನಾನು. ಮಂಡ್ಯ, ಮದ್ದೂರು, ಮಳವಳ್ಳಿ ಈ ಮೂರು ತಾಲ್ಲೂಕುಗಳಲ್ಲಿ ಅಂಗಡಿಯವರು ಮಾರಿದ್ದ ಹೊಲಿಗೆ ಯಂತ್ರ, ಗ್ರಾಮಫೋನು, ಗ್ಯಾಸ್ ಲೈಟುಗಳ ರಿಪೇರಿ ನನ್ನ ಪಾಲಿನದು. ಇವುಗಳ ಜೊತೆಗೆ ನಾಲ್ಕು ರೆಫ್ರಿಜರೇಟರುಗಳೂ ಇದ್ದವು. ಅವುಗಳ ಯಜಮಾನರಲ್ಲಿ ಮೂವರಿಗೆ ಆ ಪೆಟ್ಟಿಗೆ ಯಾಕೆ ತಣ್ಣಗಾಗುತ್ತದೆ ಎಂದು ಗೊತ್ತಿರಲಿಲ್ಲ. ನಾಲ್ಕನೆಯವರಿಗೆ ತನಗೆ ಗೊತ್ತಿಲ್ಲ ಎನ್ನುವುದೂ ಗೊತ್ತಿರಲಿಲ್ಲ. ನಾನು ಹೇಳಹೊರಟಿರುವುದು ಆ ನಾಲ್ಕನೆಯವರ ಸಂಗತಿ.

ಆಗಿನ ರೆಫ್ರಿಜರೇಟರುಗಳ ಬಗ್ಗೆ ಎರಡು ಮಾತು ಹೇಳಿಬಿಡಬೇಕು. ಇವು ಸೀಮೆಎಣ್ಣೆಯಿಂದ ನಡೆಯುತ್ತಿದ್ದವು. ಪೆಟ್ಟಿಗೆಯ ಬುಡದಲ್ಲಿ ಬತ್ತಿಯ ದೀಪ. ಅದರ ಶಾಖಕ್ಕೆ ಹಿಂಬದಿಯ ಕೊಳವೆಗಳಲ್ಲಿ ತುಂಬಿರುವ ಅಮೋನಿಯಾ ಸುತ್ತು ಹಾಕಿ, ಪೆಟ್ಟಿಗೆಯೊಳಗಿನ ಬಿಸಿಯನ್ನು ಹೀರಿಕೊಂಡು ಹೊರಗೆ ಬಿಡುತ್ತದೆ. ಮೋಟಾರಿಲ್ಲ, ಸದ್ದಿಲ್ಲ. ಕೆಡುವ ಭಾಗಗಳೇ ಕಡಿಮೆ. ಆದರೆ ಬಾಗಿಲಿನ ಸುತ್ತ ಒಂದು ರಬ್ಬರ್ ಪಟ್ಟಿ ಇರುತ್ತದೆ. ಸೀಲು ಎಂದರೂ ಅದೇ, ಗ್ಯಾಸ್ಕೆಟ್ ಎಂದರೂ ಅದೇ. ಬಾಗಿಲು ಮುಚ್ಚಿದಾಗ ಇದು ಒತ್ತಿಕೊಂಡು ಹೊರಗಿನ ಗಾಳಿಯನ್ನು ತಡೆಯುತ್ತದೆ. ಇದು ಗಟ್ಟಿಯಾಯಿತೋ, ಸೀಳಿತೋ, ಒಳಗಿನ ತಂಪಿಗೂ ಹೊರಗಿನ ಬೇಸಿಗೆಗೂ ನಡುವೆ ಇರುವುದು ಬರೀ ತಗಡಿನ ಬಾಗಿಲು.

ಮಾರ್ಚಿ ತಿಂಗಳಲ್ಲಿ ಮಳವಳ್ಳಿಯಿಂದ ಒಂದು ಕಾಗದ ಬಂತು. ಬರೆದವರು ಬಸವಯ್ಯ ಎಂಬ ವ್ಯಾಕ್ಸಿನೇಟರು, ಅಂದರೆ ಹಳ್ಳಿಹಳ್ಳಿಗೆ ಹೋಗಿ ಮಕ್ಕಳ ತೋಳಿನ ಮೇಲೆ ಗೀರಿ ಸಿಡುಬಿನ ಲಸಿಕೆ ಹಾಕುವ ಸರ್ಕಾರಿ ನೌಕರರು. ಜನ ಅದನ್ನು ದಾಕು ಹಾಕುವುದು ಎನ್ನುತ್ತಿದ್ದರು. ಆ ನಾಲ್ಕನೆಯ ಯಜಮಾನರಾದ ಚೌಡೇಗೌಡರ ಮನೆಯ ಪೆಟ್ಟಿಗೆ ಸರಿಯಾಗಿ ತಂಪು ಹಿಡಿಯುತ್ತಿಲ್ಲವೆಂದು ತಮಗೆ ಅನುಮಾನ, ಬಂದು ನೋಡಬೇಕು ಎಂದು ಅವರು ಬರೆದಿದ್ದರು. ಗೌಡರು ಬರೆದಿರಲಿಲ್ಲ. ಪೆಟ್ಟಿಗೆಯ ಯಜಮಾನರನ್ನು ಬಿಟ್ಟು ಬೇರೊಬ್ಬರು ರಿಪೇರಿಗೆ ಕರೆದದ್ದು ನನ್ನ ಕೆಲಸದಲ್ಲಿ ಅದೇ ಮೊದಲು. ಮೈಸೂರಿನ ಮ್ಯಾನೇಜರಿಗೆ ತಿಳಿಸಿದೆ. ‘ಹೋಗಿ ನೋಡಿ ಬಾ, ಆದರೆ ಗೌಡರಿಗೆ ಬೇಸರವಾಗುವಂಥದ್ದೇನೂ ಆಗಬಾರದು’ ಎಂದು ಉತ್ತರ ಬಂತು. ಮುರಿದ ಯಂತ್ರಕ್ಕಿಂತ ಮುನಿದ ಗಿರಾಕಿಗೆ ಹೆಚ್ಚು ಹೆದರುತ್ತಿದ್ದ ಮನುಷ್ಯ ಅವರು.

ಮದ್ದೂರಿನವರೆಗೆ ರೈಲು, ಅಲ್ಲಿಂದ ಮಳವಳ್ಳಿಗೆ ಇದ್ದಿಲ ಗ್ಯಾಸಿನ ಬಸ್ಸು. ಯುದ್ಧದ ಕಾಲ, ಪೆಟ್ರೋಲಿಗೆ ರೇಷನ್ನು. ಏರು ಸಿಕ್ಕಲ್ಲೆಲ್ಲ ನಾವು ಇಳಿದು ನಡೆದೆವು, ಬಸ್ಸು ಕೆಮ್ಮುತ್ತಾ ಹಿಂದೆ ಬಂತು. ಮಳವಳ್ಳಿಯಲ್ಲಿ ಇಳಿಯುವಾಗ ಬಸವಯ್ಯ ಸೈಕಲ್ಲು ಹಿಡಿದುಕೊಂಡು ಕಾಯುತ್ತಿದ್ದರು. ನಲವತ್ತು ದಾಟಿದ ಸಣಕಲು ಆಳು, ಬಿಸಿಲಿಗೆ ಕಪ್ಪಿಟ್ಟ ಮುಖ, ಭುಜದಲ್ಲಿ ಲಸಿಕೆ ಸಾಮಾನಿನ ಚರ್ಮದ ಚೀಲ. ಗೌಡರ ಮನೆಗೆ ನಡೆಯುವ ದಾರಿಯಲ್ಲಿ ಅವರು ವಿಷಯ ಹೇಳಿದರು.

ಲಸಿಕೆಯ ರಸಕ್ಕೆ ಲಿಂಫ್ ಎನ್ನುತ್ತಿದ್ದರು. ಸಣ್ಣ ಗಾಜಿನ ನಳಿಗೆಗಳಲ್ಲಿ, ಐಸು ತುಂಬಿದ ಫ್ಲಾಸ್ಕಿನಲ್ಲಿ ಅದು ಬೆಂಗಳೂರಿನಿಂದ ಬರುತ್ತಿತ್ತು. ತಂಪಿನಲ್ಲಿಟ್ಟರೆ ವಾರಗಟ್ಟಲೆ ಜೀವ. ಬೇಸಿಗೆಯ ಸೆಕೆಗೆ ಬಿಟ್ಟರೆ ಕೆಲವೇ ದಿನಕ್ಕೆ ಸತ್ತುಹೋಗುತ್ತದೆ. ಊರಿನ ಆಸ್ಪತ್ರೆಯಲ್ಲಿ ತಂಪಿನ ವ್ಯವಸ್ಥೆ ಇರಲಿಲ್ಲ. ತಾಲ್ಲೂಕಿನ ಆ ಭಾಗಕ್ಕೆಲ್ಲ ಇದ್ದದ್ದು ಗೌಡರ ಪೆಟ್ಟಿಗೆಯೊಂದೇ. ಹಿಂದಿನ ವರ್ಷ ಗೌಡರು ತಾವಾಗಿ ಮುಂದೆ ಬಂದು, ಸಾರ್ವಜನಿಕರ ಉಪಕಾರಕ್ಕಾಗಿ ತಮ್ಮ ಪೆಟ್ಟಿಗೆಯಲ್ಲಿ ಲಿಂಫ್ ಇಡಬಹುದೆಂದು ಸಭೆಯೊಂದರಲ್ಲಿ ಸಾರಿದ್ದರು. ಹಾರ ಹಾಕಿಸಿಕೊಂಡು ಫೋಟೋ ತೆಗೆಸಿಕೊಂಡಿದ್ದರು.

“ಕೊಪ್ಪಲು ಅನ್ನೋ ಊರಲ್ಲಿ ಅರವತ್ಮೂರು ಮಕ್ಕಳಿಗೆ ಆಕ್ದೆ ಸಾಬ್ರೆ,” ಎಂದರು ಬಸವಯ್ಯ. “ಎಂಟನೇ ದಿನ ಓಗಿ ನೋಡಿದ್ರೆ ಒಂದ್ ತೋಳಲ್ಲೂ ಗುಳ್ಳೆ ಎದ್ದಿಲ್ಲ. ಒಂದೂ ಇಲ್ಲ. ಇಪ್ಪತ್ತು ವರ್ಸದಿಂದ ಆಕ್ತಾ ಇವ್ನಿ, ಇಂಗೆ ಎಂದೂ ಆಗಿಲ್ಲ.”

ಗುಳ್ಳೆ ಎದ್ದರೆ ಲಸಿಕೆ ಹಿಡಿಯಿತೆಂದು ಲೆಕ್ಕ. ಏಳದಿದ್ದರೆ ಆ ಮಗುವಿಗೆ ರಕ್ಷಣೆಯಿಲ್ಲ. ಮಂಡ್ಯದ ಆರೋಗ್ಯ ಕಚೇರಿಯಿಂದ ಬಸವಯ್ಯನವರಿಗೆ ಆಗಲೇ ಮೆಮೊ ಬಂದಿತ್ತು: ಲಿಂಫನ್ನು ಅಜಾಗರೂಕತೆಯಿಂದ ಬಿಸಿಲಿನಲ್ಲಿ ಹೊತ್ತು ತಿರುಗಿದ್ದಕ್ಕೆ ಸಮಜಾಯಿಷಿ ಕೊಡತಕ್ಕದ್ದು. ಅವರು ನಳಿಗೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಬೆಳಗಿನ ತಂಪಿನಲ್ಲೇ ಒಯ್ಯುತ್ತಿದ್ದವರು. ಕಚೇರಿಯಲ್ಲಿ ಫ್ಯಾನಿನ ಕೆಳಗೆ ಕೂತವರಿಗೆ ಅದೆಲ್ಲ ಯಾಕೆ ಬೇಕು.

ಗೌಡರ ಮನೆ ಊರಾಚೆ ತೋಟದಲ್ಲಿತ್ತು. ಕರೆಂಟಿನ ಕಂಬಗಳು ಅಲ್ಲಿಗಿನ್ನೂ ಬಂದಿರಲಿಲ್ಲ. ಗೌಡರು ಮಿಲಿಟರಿಗೆ ಮರ, ಹುಲ್ಲು ಸರಬರಾಜು ಮಾಡುವ ಕಂಟ್ರಾಕ್ಟಿನಲ್ಲಿ ಮೇಲೆ ಬಂದವರು. ಜಗಲಿಯಲ್ಲಿ ನಾಲ್ಕೈದು ಜನರನ್ನು ಕೂರಿಸಿಕೊಂಡು ಶರಬತ್ತು ಕುಡಿಯುತ್ತಿದ್ದರು. ಪೆಟ್ಟಿಗೆಯೂ ಜಗಲಿಯಲ್ಲೇ ಇತ್ತು. ಅಡುಗೆಮನೆಯ ಪಕ್ಕದ ನೆರಳಿನ ಕೋಣೆಯಲ್ಲಿ ಇಡಬೇಕೆಂದು ಕೊಟ್ಟ ದಿನವೇ ನಾನು ಹೇಳಿದ್ದೆ. ಒಳಗಿಟ್ಟರೆ ಬಂದವರು ನೋಡುವುದು ಹೇಗೆ?

“ಏನ್ಲಾ ಸಾಬಿ, ಯಾರ್ ಕರ್ದ್ರು ನಿನ್ನ?”

ನಾನು ಬಸವಯ್ಯನವರ ಕಾಗದದ ಮಾತೆತ್ತಲಿಲ್ಲ. ಮಾಮೂಲಿ ತಪಾಸಣೆಗೆ ಬಂದೆನೆಂದೆ. ಗೌಡರು ಎದ್ದು ಬಾಗಿಲು ತೆರೆದರು. ತೆರೆದವರು ಹಾಗೇ ಅದರ ಮೇಲೆ ಕೈಯೂರಿಕೊಂಡು, ಐಸಿನ ತಟ್ಟೆ ಹೊರಗೆಳೆದು ಎಲ್ಲರಿಗೂ ತೋರಿಸಿ, ಕಲ್ಲುಗಟ್ಟಿದ ಐಸನ್ನು ಗೆಣ್ಣಿನಿಂದ ಕುಟ್ಟಿ ಸದ್ದು ಮಾಡಿದರು.

“ನೋಡ್ಲಾ. ಐಸು ಐತೋ ಇಲ್ವೋ? ಐಸು ಕಟ್ಟೋ ಪೆಟ್ಟಿಗೆ ಕೆಟ್ಟೋಗೈತೆ ಅಂತಾನೆ ಈ ಬಸವಯ್ಯ. ಕೆಲ್ಸ ಬರ್ದೇ ಇರೋನು ಕತ್ತಿ ಮೊಂಡು ಅಂದಂಗಾಯ್ತು.”

ಕೂತವರು ನಕ್ಕರು. ಅವರ ಕೈಯಲ್ಲಿ ಗೌಡರ ಶರಬತ್ತಿತ್ತು, ನಗದೆ ಏನು ಮಾಡಿಯಾರು. ನಾನು ನಿಂತು ಎಣಿಸಿದೆ. ಬಾಗಿಲು ಪೂರ್ತಿ ನಾಲ್ಕು ನಿಮಿಷ ತೆರೆದಿತ್ತು.

ಐಸು ಕಟ್ಟುವುದು ಮೇಲಿನ ಲೋಹದ ಗೂಡಿನಲ್ಲಿ. ಕೊಳವೆಗಳು ಅದಕ್ಕೇ ಅಂಟಿಕೊಂಡಿರುವುದರಿಂದ ಪೆಟ್ಟಿಗೆಯ ಉಳಿದ ಭಾಗ ಹೇಗಿದ್ದರೂ ಅಲ್ಲಿ ಐಸು ಕಟ್ಟುತ್ತದೆ. ಮೇಲಿನ ಎರಡು ಅಂತಸ್ತುಗಳಲ್ಲಿ ಗೌಡರ ಸೋಡಾ ಬಾಟಲಿಗಳು ಮತ್ತು ಹೊರಗೆ ಹೆಸರು ಹೇಳದ ಬೇರೆ ಬಾಟಲಿಗಳು ತುಂಬಿದ್ದವು. ಲಿಂಫಿನ ಡಬ್ಬಿ ಎಲ್ಲಕ್ಕಿಂತ ಕೆಳಗೆ, ಬಾಗಿಲಿನ ಅಂಚಿನಲ್ಲಿತ್ತು. ಅಲ್ಲಿ ಥರ್ಮಾಮೀಟರು ಇಟ್ಟು, ಬಾಗಿಲು ಮುಚ್ಚಿ, ಒಂದು ಗಂಟೆ ಯಾರೂ ತೆರೆಯದಂತೆ ಬೇಡಿಕೊಂಡು ಕಾದೆ. ಅರವತ್ತಾರು ಡಿಗ್ರಿ ಫ್ಯಾರನ್‌ಹೀಟ್. ಇರಬೇಕಾದದ್ದು ನಲವತ್ತೈದರ ಒಳಗೆ. ನನ್ನ ಜೇಬಿನ ಪುಸ್ತಕದಲ್ಲಿ ಬರೆದುಕೊಂಡೆ.

ಆಮೇಲೆ ಪತ್ರಿಕೆಯೊಂದನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ, ಒಂದೊಂದನ್ನೂ ಬಾಗಿಲಿಗೆ ಸಿಕ್ಕಿಸಿ ಮುಚ್ಚಿ ಎಳೆದು ನೋಡಿದೆ. ಸೀಲು ಚೆನ್ನಾಗಿದ್ದರೆ ಕಾಗದ ಬಿಗಿಯಾಗಿ, ತಡೆದು ತಡೆದು ಬರಬೇಕು. ಹನ್ನೆರಡು ಕಡೆ ಇಟ್ಟದ್ದರಲ್ಲಿ ಒಂಬತ್ತು ಕಡೆ ಮುಟ್ಟಿದರೆ ಸಾಕು ಜಾರಿ ಬಿದ್ದಿತು. ರಬ್ಬರು ಊದಿ, ಅಂಟಂಟಾಗಿ, ಕೆಳಗಿನ ಮೂಲೆಗಳಲ್ಲಿ ಬೆರಳು ತೂರುವಷ್ಟು ಸೀಳಿತ್ತು. ಎರಡೇ ವರ್ಷದ ರಬ್ಬರು ಹಾಗಾಗಲು ಸಾಧ್ಯವಿಲ್ಲ. ಮೂಸಿ ನೋಡಿದೆ. ಸೀಮೆಎಣ್ಣೆಯ ವಾಸನೆ.

“ಇದನ್ನ ಸೀಮೆಎಣ್ಣೇಲಿ ಒರೆಸ್ತೀರಾ?” ಎಂದು ಕೇಳಿದೆ.

ಮನೆಯ ಬಾಗಿಲ ಬಳಿ ನಿಂತಿದ್ದ ಗೌಡರ ಹೆಂಡತಿ ನಿಂಗಮ್ಮನವರು ಉತ್ತರ ಕೊಟ್ಟರು. “ವಾರಕ್ಕೊಂದ್ಸಲ ಒರೆಸ್ತರೆ ಕಣಪ್ಪ. ಜಿರಲೆ ಬರ್ಬಾರ್ದು ಅಂತ. ಬ್ಯಾಡಿ ಅಂದೆ, ಕೇಳ್ನಿಲ್ಲ. ದಿನಕ್ಕೆ ಇಪ್ಪತ್ತು ಮೂವತ್ತು ಸಲ ತಗೀತರೆ, ಬಂದೋರ್ಗೆಲ್ಲ ತೋರ್ಸಕ್ಕೆ.”

“ಒಳೀಕೋಗು ನೀನು,” ಎಂದರು ಗೌಡರು.

ಸೀಮೆಎಣ್ಣೆ ರಬ್ಬರನ್ನು ತಿಂದುಹಾಕುತ್ತದೆ. ಇದು ಮೆಕ್ಯಾನಿಕ್ಕಿನ ಮೊದಲ ಪಾಠ. ಪೆಟ್ಟಿಗೆಯ ಜೊತೆ ಬಂದ ಪುಸ್ತಕದಲ್ಲೂ ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಆ ಪುಸ್ತಕವನ್ನು ಗೌಡರು ಪೆಟ್ಟಿಗೆಯ ಕಾಲು ಕುಣಿಯದಿರಲೆಂದು ಅಡಿಗೆ ಇಟ್ಟಿದ್ದರು.

ಹೊಸ ಸೀಲು ಬೇಕೆಂದರೆ ಹಡಗಿನಲ್ಲಿ ಬರಬೇಕು. ಯುದ್ಧ ಮುಗಿಯುವವರೆಗೆ ಬರುವಂತಿರಲಿಲ್ಲ. ಮಲಯ ಜಪಾನಿಯರ ಕೈ ಸೇರಿದಾಗಿನಿಂದ ರಬ್ಬರೆಂದರೆ ಬಂಗಾರ. ಇಲ್ಲೇ ಸಿಗುವ ಯಾವುದಾದರೂ ರಬ್ಬರಿನಲ್ಲಿ ಮಾಡಬೇಕು. ಮೋಟಾರು ಟ್ಯೂಬನ್ನು ಉದ್ದಕ್ಕೆ ಸೀಳಿದರೆ ಸಾಕಾಗುತ್ತಿತ್ತು. ಗೌಡರಿಗೆ ಒಂದು ಮೋಟಾರು ಕಾರಿತ್ತು. ಸ್ಟೋರ್ ರೂಮಿನ ಬಾಗಿಲು ಅರೆ ತೆರೆದಿದ್ದರಿಂದ ಒಳಗೆ ಸಾಲಾಗಿ ನೇತುಹಾಕಿದ್ದ ಹೊಸ ಟೈರು ಟ್ಯೂಬುಗಳೂ ನನಗೆ ಕಂಡವು. ಪರ್ಮಿಟ್ಟಿಲ್ಲದೆ ಒಂದು ಟ್ಯೂಬೂ ಸಿಗದ ಕಾಲದಲ್ಲಿ ಅಲ್ಲಿ ಹನ್ನೊಂದು ಟ್ಯೂಬುಗಳಿದ್ದವು. ಒಂದು ಹಳೆಯ ಟ್ಯೂಬು ಕೊಟ್ಟರೂ ಸಾಕೆಂದೆ.

“ಟ್ಯೂಬಾ? ಯುದ್ಧದ ಕಾಲ್ದಲ್ಲಿ ಟ್ಯೂಬ್ ಯಾರ್ ಕೊಟ್ಟಾರ್ಲಾ? ಕೊಳ್ಳೇಗಾಲಕ್ಕೆ ಓಗ್ಬೇಕು, ಮೈಸೂರಿಗೆ ಓಗ್ಬೇಕು ನಾನು. ಗೋಣಿಚೀಲ ಸುತ್ತಿ ಮೊಳೆ ಒಡಿ. ಐಸು ಅಂತೂ ಕಟ್ತದಲ್ಲ.”

ನಾನು ಕೋಪಿಸಿಕೊಳ್ಳಲಿಲ್ಲ. ಮಣ್ಣು ತುಂಬಿದ ಸ್ಕ್ರೂ ಕಂಡಾಗ ಕೋಪ ಬರುವುದಿಲ್ಲ, ಹೇಸಿಗೆಯಾಗುತ್ತದೆ. ಅಂಥದ್ದೇ ಹೇಸಿಗೆ ಆಯಿತು.

ಬಸವಯ್ಯ ಅಂಗಳಕ್ಕಿಳಿದರು. ಹೊಂಗೆ ಮರಕ್ಕೆ ಒರಗಿಸಿದ್ದ ತಮ್ಮ ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ ಟೈರು ಬಿಚ್ಚತೊಡಗಿದರು. ನಾನು ಹತ್ತಿರ ಹೋದೆ.

“ಒಂದ್ ಸಾಕಾ ಸಾಬ್ರೆ?”

ಬಾಗಿಲಿನ ಸುತ್ತಳತೆ ಹನ್ನೊಂದು ಅಡಿ. ಒಂದು ಸೈಕಲ್ ಟ್ಯೂಬು ಆರೂವರೆ ಅಡಿ. “ಎರಡೂ ಬೇಕು,” ಎಂದೆ. “ಸೈಕಲ್ ಇಲ್ದೆ ನೀವು ಹಳ್ಳಿಗೆ ಹೋಗೋದು ಹೆಂಗೆ?”

“ನಡ್ಕಂಡ್ ಓಯ್ತೀನಿ. ಸತ್ತ ದಾಕು ಸೈಕಲ್ ಮೇಲೆ ಓದ್ರೇನು, ನಡ್ಕಂಡ್ ಓದ್ರೇನು.”

ಎರಡು ದಿನ ಕೆಲಸ ಹಿಡಿಯಿತು. ಬಾಗಿಲನ್ನು ಕೀಲಿನಿಂದ ಬಿಡಿಸಿ ಮಂಚದ ಮೇಲೆ ಮಲಗಿಸಿದೆ. ರಬ್ಬರನ್ನು ಹಿಡಿದಿದ್ದ ತಗಡಿನ ಪಟ್ಟಿಯಲ್ಲಿ ಮೂವತ್ನಾಲ್ಕು ಸ್ಕ್ರೂ. ಅರ್ಧಕ್ಕರ್ಧ ತುಕ್ಕು ಹಿಡಿದಿದ್ದವು. ಹಳೆಯ ರಬ್ಬರು ಹಲಸಿನ ಮೇಣದ ಹಾಗೆ ಕೈಗಂಟಿಕೊಂಡು ಬಂತು. ಅದು ಕೂತಿದ್ದ ಜಾಗವನ್ನು ಸೋಡಾ ಹಾಕಿದ ಬಿಸಿನೀರಿನಿಂದ ಮೂರು ಸಲ ತೊಳೆದೆ. ಗೌಡರು ದಿನವೂ ಕೈಯೂರುತ್ತಿದ್ದುದರಿಂದ ಬಾಗಿಲೇ ಕಾಲಿಂಚು ತಿರುಚಿಕೊಂಡಿತ್ತು. ಅದನ್ನು ಹಲಗೆ ಕೊಟ್ಟು ಒತ್ತಿ ನೇರ ಮಾಡಿದೆ. ಟ್ಯೂಬುಗಳನ್ನು ಉದ್ದಕ್ಕೆ ಸೀಳಿ, ನಡುವೆ ಹುರಿ ಹೊಸೆದ ಕಂಬಳಿಯ ತುಂಡನ್ನಿಟ್ಟು ಮಡಚಿ, ಎರಡೂ ಅಂಚನ್ನು ತಗಡಿನ ಪಟ್ಟಿಯಡಿ ಸೇರಿಸಿ ಬಿಗಿದೆ. ಹೀಗೆ ಮಾಡಿದರೆ ರಬ್ಬರು ಬೆರಳಿನ ಗಾತ್ರಕ್ಕೆ ಉಬ್ಬಿ ಮೆತ್ತಗೆ ಕೂರುತ್ತದೆ. ಮೂಲೆಗಳಲ್ಲಿ ಓರೆಯಾಗಿ ಕತ್ತರಿಸಿ, ಪಂಕ್ಚರಿಗೆ ಹಚ್ಚುವ ಸಲ್ಯೂಷನ್ನಿನಿಂದ ಅಂಟಿಸಿದೆ. ಕಂಬಳಿ ಕೊಟ್ಟವರು ನಿಂಗಮ್ಮನವರು.

ಎರಡನೆಯ ದಿನ ಸಂಜೆ ಕಾಗದದ ಪಟ್ಟಿಗಳು ಹನ್ನೆರಡು ಕಡೆಯೂ ಬಿಗಿಯಾಗಿ ಹಿಡಿದವು. ಮರುದಿನ ಬೆಳಿಗ್ಗೆ ಕೆಳಗಿನ ಅಂತಸ್ತಿನಲ್ಲಿ ನಲವತ್ತನಾಲ್ಕು ಡಿಗ್ರಿ. ಕೆಲಸದ ಮಟ್ಟಿಗೆ ಹೇಳುವುದಾದರೆ, ಅಷ್ಟು ಅಚ್ಚುಕಟ್ಟಾದ ಸೀಲನ್ನು ನಾನು ಮತ್ತೆ ಮಾಡಲಿಲ್ಲ.

ಹೊರಡುವ ಮುಂಚೆ ಸರ್ವಿಸ್ ಚೀಟಿ ಬರೆಯಬೇಕು. ಯಂತ್ರದ ದೋಷವೇನು, ಏನು ಮಾಡಿದೆ ಎಂದು ಬರೆದು, ಗಿರಾಕಿಗೊಂದು ಪ್ರತಿ, ಅಂಗಡಿಗೊಂದು ಪ್ರತಿ. ಗೌಡರು ಪಕ್ಕದಲ್ಲೇ ಕೂತರು.

“ಮಾಮೂಲಿ ಸರ್ವೀಸು ಅಂತ ಬರಿ. ಪೆಟ್ಟಿಗೇಲಿ ಏನೂ ದೋಸ ಇಲ್ಲ ಅಂತ.”

“ರಬ್ಬರು ಹಾಳಾಗಿತ್ತಲ್ಲ ಗೌಡ್ರೆ.”

“ಆಳಾಗಿತ್ತು. ಈಗ ಐತಾ? ಇಲ್ಲ. ಇಲ್ದೇ ಇರೋದ್ನ ಯಾಕ್ಲಾ ಬರೀತೀಯ?” ಆಮೇಲೆ ದನಿ ತಗ್ಗಿಸಿ ಹೇಳಿದರು: “ಮಂಡ್ಯದಿಂದ ನಂಗೊಂದು ಪ್ರಶಂಸಾಪತ್ರ ಬತ್ತಾ ಐತೆ, ಈ ದಾಕು ಇಟ್ಕೊಂಡಿರೋದಕ್ಕೆ. ಅದ್ರ ಮೇಲೆ ಮುಂದಿನ ದಸರಾ ದರ್ಬಾರಿಗೆ ಕರೆಸ್ಕೋಬೋದು. ನಿಮ್ ಮ್ಯಾನೇಜರಿಗೂ ಗೊತ್ತು.”

ನಾನು ಬರೆದೆ. ‘ಮಾಮೂಲಿ ಸರ್ವಿಸ್ ಮಾಡಲಾಯಿತು. ಯಂತ್ರ ಸುಸ್ಥಿತಿಯಲ್ಲಿದೆ, ದೋಷವಿಲ್ಲ.’ ಕೆಳಗೆ ಸಹಿ. ಉಷ್ಣಾಂಶ ಬರೆಯುವ ಸಾಲನ್ನು ಖಾಲಿ ಬಿಟ್ಟೆ. ಮ್ಯಾನೇಜರ ಕಾಗದ ಜೇಬಿನಲ್ಲಿತ್ತು, ಕೆಲಸ ಹೋಗುವ ಹೆದರಿಕೆ ಹೊಟ್ಟೆಯಲ್ಲಿತ್ತು. ಗೌಡರನ್ನು ಹೀಗಳೆಯಲು ನನಗೆ ಎಷ್ಟು ಹಕ್ಕಿದೆಯೆಂದು ಓದುವವರು ಇಲ್ಲಿ ತೂಗಿ ನೋಡಬಹುದು.

ಬಸ್ಸು ಹತ್ತಿಸಲು ಬಂದ ಬಸವಯ್ಯನವರಿಗೆ ಒಂದು ಮಾತು ಹೇಳಿದೆ. ಪೆಟ್ಟಿಗೆಯಲ್ಲಿದ್ದ ಹಳೆಯ ಲಿಂಫೆಲ್ಲ ಆ ಸೆಕೆಯಲ್ಲಿ ವಾರಗಟ್ಟಲೆ ಕೂತದ್ದು, ಅದನ್ನು ಎಸೆದು ಹೊಸದು ತರಿಸಿ ಎಂದು. ಸರ್ಕಾರಿ ಸಾಮಾನು ತಾನಾಗಿ ಎಸೆಯುವಂತಿಲ್ಲ, ಮೇಲಕ್ಕೆ ಬರೆಯುತ್ತೇನೆ ಎಂದರು ಅವರು. ನಾನು ಬಸ್ಸು ಹತ್ತಿ ಬಂದುಬಿಟ್ಟೆ.

ಇಪ್ಪತ್ತೈದು ದಿನ ಕಳೆದ ಮೇಲೆ ನನ್ನ ಸೀಲು ಹೇಗಿದೆಯೆಂದು ನೋಡಲು ಮತ್ತೆ ಮಳವಳ್ಳಿಗೆ ಹೋದೆ. ಗೌಡರು ಊರಲ್ಲಿರಲಿಲ್ಲ. ರಬ್ಬರು ಚೆನ್ನಾಗಿತ್ತು. ನಿಂಗಮ್ಮನವರು ನೀರು ತಂದುಕೊಟ್ಟರು.

“ಬಸವಯ್ಯನೋರು ಊರಲ್ಲವ್ರಾ ತಾಯಿ?”

“ಕೊಪ್ಪಲಲ್ಲವ್ರೆ. ಅಲ್ಲಿ ಅಮ್ಮ ಆಗವ್ಳೆ.” ಸಿಡುಬಿಗೆ ಅಮ್ಮ ಎನ್ನುವುದು ರೂಢಿ. “ಎರಡ್ ಕೂಸು ಸತ್ತೋದ್ವು ಕಣಪ್ಪ.”

ಕೊಪ್ಪಲು ಅಲ್ಲಿಂದ ಏಳು ಮೈಲಿ. ನಡೆದುಕೊಂಡೇ ಹೋದೆ. ಆ ದಾರಿಯಲ್ಲಿ ನೆರಳಿಲ್ಲ. ಬಸವಯ್ಯ ವಾರದಲ್ಲಿ ನಾಲ್ಕು ದಿನ ಹೀಗೆ ಓಡಾಡುತ್ತಿದ್ದಾರೆ ಎನ್ನುವುದು ನನ್ನ ಕಾಲಿಗೆ ಮೊದಲು ಅರ್ಥವಾಯಿತು. ಊರ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದರು. ಬಸವಯ್ಯ ಒಂದು ಮನೆಯ ಮುಂದಿನ ಕಲ್ಲಿನ ಮೇಲೆ ಕೂತಿದ್ದರು. ನನ್ನನ್ನು ನೋಡಿ ಏಳಲಿಲ್ಲ. ಚೀಲದಿಂದ ಒಂದು ಕಾಗದ ತೆಗೆದು ಕೊಟ್ಟರು.

ಹೊಸ ಲಿಂಫ್ ಬೇಕೆಂದು ಅವರು ಬರೆದದ್ದಕ್ಕೆ ಮಂಡ್ಯದ ಕಚೇರಿಯಿಂದ ಬಂದ ಉತ್ತರ ಅದು. ಪೆಟ್ಟಿಗೆಯಲ್ಲಿ ಯಾವ ದೋಷವೂ ಇಲ್ಲವೆಂದು ಅಂಗಡಿಯ ಮೆಕ್ಯಾನಿಕ್ಕರೇ ದೃಢೀಕರಿಸಿದ್ದಾರೆ; ಆದ್ದರಿಂದ ಲಿಂಫಿನಲ್ಲಿ ದೋಷವಿರಲು ಸಾಧ್ಯವಿಲ್ಲ; ಉಳಿದ ಸ್ಟಾಕನ್ನು ವ್ಯರ್ಥ ಮಾಡದೆ ಕೊಪ್ಪಲಿನ ಮಕ್ಕಳಿಗೆ ಅದರಿಂದಲೇ ಮತ್ತೊಮ್ಮೆ ಲಸಿಕೆ ಹಾಕತಕ್ಕದ್ದು. ಜೊತೆಯಲ್ಲಿ ನನ್ನ ಚೀಟಿಯ ನಕಲು. ಗೌಡರು ತಮ್ಮ ಪ್ರತಿಯನ್ನು ಮಂಡ್ಯಕ್ಕೆ ಕಳಿಸಿದ್ದರು.

“ಅಕ್ಷರ ಚೆನ್ನಾಗೈತೆ ಸಾಬ್ರೆ ನಿಮ್ದು,” ಎಂದರು ಬಸವಯ್ಯ.

ಅಷ್ಟೇ. ಬೈದಿದ್ದರೆ ನಾನು ಏನಾದರೂ ಸಮಜಾಯಿಷಿ ಹುಡುಕುತ್ತಿದ್ದೆ.

ಅವರು ಆಜ್ಞೆಯಂತೆ ಅದೇ ಸತ್ತ ಲಿಂಫನ್ನು ಅಷ್ಟೂ ಮಕ್ಕಳಿಗೆ ಎರಡನೆಯ ಸಲ ಗೀರಿದ್ದರು. ಎಂಟನೆಯ ದಿನ ಬಂದು ನೋಡಿದರೆ ಮತ್ತೆ ಏನೂ ಇಲ್ಲ. ಹತ್ತನೆಯ ದಿನ ಮೊದಲ ಮಗುವಿಗೆ ಜ್ವರ ಬಂದಿತ್ತು. ನಾವು ಕೂತಿದ್ದ ಮನೆಯೊಳಗಿಂದ ಒಬ್ಬ ಹೆಂಗಸು ಹೊರಗೆ ಬಂದಳು. ಐದು ವರ್ಷದ ಮಗಳನ್ನು ಕಳೆದುಕೊಂಡು ಆಗ ನಾಲ್ಕು ದಿನ. ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ, ಬಸವಯ್ಯ ಹೇಳಲೂ ಇಲ್ಲ.

“ಎರಡ್ ಸಲ ಗೀರ್ದೆಯಲ್ಲಪ್ಪ,” ಎಂದಳು ಅವರಿಗೆ. “ಎರಡ್ ಸಲವೂ ನಾನೇ ಅವ್ಳ ಕೈ ಇಡ್ಕಂಡಿದ್ದೆ. ಅಳ್ಬ್ಯಾಡ ಮಗಾ, ಗೀರಿಸ್ಕಂಡ್ರೆ ಅಮ್ಮ ಬರಕಿಲ್ಲ ಅಂದಿದ್ದೆ.”

ಬಸವಯ್ಯ ತಲೆ ತಗ್ಗಿಸಿದರು. ತಗ್ಗಿಸಬೇಕಾದ ತಲೆ ಅವರದಲ್ಲ.

ಮರುದಿನ ಮೊದಲ ಬಸ್ಸಿಗೆ ಮದ್ದೂರು, ಅಲ್ಲಿಂದ ಮಂಡ್ಯ. ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ಮಧ್ಯಾಹ್ನದವರೆಗೆ ಹೊರಗೆ ನಿಂತೆ. ಒಳಗೆ ಕರೆದಾಗ ನನ್ನ ಜೇಬಿನ ಪುಸ್ತಕವನ್ನು ಅವರ ಮೇಜಿನ ಮೇಲಿಟ್ಟು, ಅರವತ್ತಾರು ಡಿಗ್ರಿ, ಸೀಳಿದ ರಬ್ಬರು, ಸೀಮೆಎಣ್ಣೆ ಎಲ್ಲ ಹೇಳಿದೆ. ಅವರು ಚೀಟಿಯ ನಕಲನ್ನು ಫೈಲಿನಿಂದ ತೆಗೆದರು.

“ಇದೂ ನೀವೇ ಬರೆದದ್ದು, ಅದೂ ನೀವೇ ಬರೆದದ್ದು. ಯಾವುದನ್ನ ನಂಬಬೇಕು?”

“ಚೀಟಿ ಸುಳ್ಳು ಸ್ವಾಮಿ. ನಾನೇ ಸುಳ್ಳು ಬರೆದೆ.”

“ಗೌಡರಿಗೂ ನಿಮಗೂ ಏನಾದರೂ ವೈಮನಸ್ಯವೇ?”

ಮನುಷ್ಯ ನಿಜ ಹೇಳಬೇಕಾದರೆ ಯಾರ ಮೇಲಾದರೂ ದ್ವೇಷವಿರಲೇಬೇಕು ಎಂಬುದು ಅವರ ತಿಳಿವಳಿಕೆ. ಎರಡು ಮಕ್ಕಳು ಸತ್ತ ಊರಿನ ಹೆಸರನ್ನು ಅವರು ಫೈಲು ನೋಡಿಯೇ ನೆನಪಿಸಿಕೊಂಡರು. ಆದರೂ, ನಾನು ಎಲ್ಲವನ್ನೂ ಬರೆದು ಸಹಿ ಮಾಡಿ ಕೊಡುತ್ತೇನೆ, ಒಂದು ಪ್ರತಿಯನ್ನು ಬೆಂಗಳೂರಿನ ದೊಡ್ಡ ಕಚೇರಿಗೂ ಕಳಿಸುತ್ತೇನೆ ಎಂದದ್ದಕ್ಕೆ ಅವರು ಕುರ್ಚಿಯಿಂದ ಎದ್ದರು. ಬೆಂಗಳೂರಿನ ಹೆಸರು ಕೇಳಿದರೆ ಏಳುವ ಕಾಲುಗಳು ಅವು.

ಎರಡು ದಿನದಲ್ಲಿ ಅವರು ಮಳವಳ್ಳಿಗೆ ಬಂದರು. ನನ್ನನ್ನೂ ಕರೆಸಿದ್ದರು. ಗೌಡರ ಜಗಲಿಯಲ್ಲಿ ಅವರಿಗೆ ಐಸು ಹಾಕಿದ ಶರಬತ್ತು ಸಿಕ್ಕಿತು. ಸಾಬಿಗೆ ಬುದ್ಧಿ ಕೆಟ್ಟಿದೆ, ಪೆಟ್ಟಿಗೆ ಎಂದೂ ಕೆಟ್ಟಿರಲೇ ಇಲ್ಲ ಎಂದರು ಗೌಡರು. ನಾನು ಬಾಗಿಲಿನ ಸೈಕಲ್ ಟ್ಯೂಬು ತೋರಿಸಿದೆ. ಅದು ಮೊದಲಿನಿಂದಲೂ ಹಾಗೇ ಇತ್ತು ಎಂದರು. ಅಧಿಕಾರಿ ತಲೆಯಾಡಿಸಿದರು. ಆಗ ನಿಂಗಮ್ಮನವರು ಒಳಗಿನಿಂದ ಬಂದು, ಹಳೆಯ ಗೋಣಿಯಲ್ಲಿ ಸುತ್ತಿಟ್ಟಿದ್ದ ಆ ಕೊಳೆತ ರಬ್ಬರನ್ನು ಅಧಿಕಾರಿಯ ಶರಬತ್ತಿನ ಲೋಟದ ಪಕ್ಕದಲ್ಲೇ ಇಟ್ಟರು. ತಿಪ್ಪೆಗೆ ಹಾಕಿರೆಂದು ನಾನು ಬಿಟ್ಟು ಹೋಗಿದ್ದದ್ದು.

“ಇದು ಬಾಗ್ಲಲ್ಲಿದ್ದುದ್ದು. ಈಗಿರೋದು ಬಸವಯ್ಯನ ಸೈಕಲ್ಲಿಂದು,” ಎಂದರು. “ನಮ್ ಮನೇಲಿ ಅನ್ನೊಂದು ಟ್ಯೂಬವೆ. ಒಂದ್ ಕೊಡ್ನಿಲ್ಲ ಇವ್ರು.”

ಗೌಡರು ಹೆಂಡತಿಯನ್ನು ನೋಡಿದರು. ಅಧಿಕಾರಿ ಲೋಟವನ್ನು ಕೆಳಗಿಟ್ಟರು. ಟ್ಯೂಬಿನ ಮಾತು ತಮ್ಮ ಕಿವಿಗೆ ಬೀಳಲಿಲ್ಲ ಎನ್ನುವಂತೆ ಅವರು ಅಂಗಳದಾಚೆ ನೋಡತೊಡಗಿದ್ದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಬೆಂಗಳೂರಿಗೆ ಅವತ್ತೇ ತಂತಿ ಹೋಯಿತು. ಮೂರನೆಯ ದಿನ ಹೊಸ ಲಿಂಫ್ ಬಂತು. ಬಸವಯ್ಯನವರಿಗೆ ನಾನು ಮಂಡ್ಯದಿಂದ ಎರಡು ಹಳೆಯ ಟ್ಯೂಬು ಹುಡುಕಿ ತೇಪೆ ಹಾಕಿ ತಂದಿದ್ದೆ. ಅವರು ಒಂದು ದಿನದಲ್ಲಿ ಕೊಪ್ಪಲನ್ನೂ, ಮರುದಿನ ಪಕ್ಕದ ಎರಡು ಹಳ್ಳಿಗಳನ್ನೂ ಮುಗಿಸಿದರು. ಎಂಟನೆಯ ದಿನ ನಾನೂ ಹೋಗಿದ್ದೆ. ತೋಳುಗಳಲ್ಲಿ ಗುಳ್ಳೆ ಎದ್ದಿದ್ದವು. ಬಸವಯ್ಯ ಒಂದೊಂದು ತೋಳನ್ನೂ ಹಿಡಿದು ನೋಡಿ, ಪುಸ್ತಕದಲ್ಲಿ ಗುರುತು ಹಾಕಿ, ಮುಂದಿನ ಮಗುವನ್ನು ಕರೆಯುತ್ತಿದ್ದರು. ಅದಕ್ಕೆ ಮೊದಲೇ ಸಿಡುಬು ತಗುಲಿದ್ದ ಇನ್ನೂ ಮೂವರು ಮಕ್ಕಳು ಮಲಗಿ ಎದ್ದರು. ಅವರಲ್ಲಿ ಒಬ್ಬನಿಗೆ ಒಂದು ಕಣ್ಣು ಹೋಯಿತು.

ಇನ್ನು ಯಾರ್ಯಾರಿಗೆ ಏನೇನಾಯಿತೆಂದು ಹೇಳಿಬಿ‍ಡುತ್ತೇನೆ. ಸಾಗಣೆಯಲ್ಲಿ ಸೆಕೆ ತಾಗಿ ಲಿಂಫ್ ಕೆಟ್ಟಿತ್ತು, ಇದರಲ್ಲಿ ಯಾರ ತಪ್ಪೂ ಇಲ್ಲವೆಂದು ಅಧಿಕಾರಿ ವರದಿ ಬರೆದರು. ಬಸವಯ್ಯನವರ ಮೆಮೊ ವಾಪಸಾಯಿತು. ಕ್ಷಮೆ ಕೇಳುವ ಪದ್ಧತಿ ಆ ಕಚೇರಿಯಲ್ಲಿರಲಿಲ್ಲ. ಗೌಡರಿಗೆ ಪ್ರಶಂಸಾಪತ್ರ ಬಂದೇ ಬಂತು. ಕಟ್ಟು ಹಾಕಿಸಿ ಪೆಟ್ಟಿಗೆಯ ಮೇಲೆ ತೂಗುಹಾಕಿದರು. ನನ್ನ ಮ್ಯಾನೇಜರು ಒಂದೇ ಸಾಲಿನಲ್ಲಿ ನನ್ನನ್ನು ಕೆಲಸದಿಂದ ತೆಗೆದರು. ಆಮೇಲೆ ಮಂಡ್ಯದ ಸಂತೆಪೇಟೆಯ ಹತ್ತಿರ ಸ್ವಂತ ರಿಪೇರಿ ಅಂಗಡಿ ಇಟ್ಟೆ. ೧೯೪೭ರ ಆಗಸ್ಟಿನಲ್ಲಿ ಯಾವುದೋ ಕೆಲಸಕ್ಕೆ ಮಳವಳ್ಳಿಗೆ ಹೋದಾಗ ಗೌಡರು ಬೆಳ್ಳಗೆ ಖಾದಿಯುಟ್ಟು, ಮೆರವಣಿಗೆಯ ಮುಂದುಗಡೆ ನಡೆಯುತ್ತಾ ದೇಶಸೇವೆಯ ಮಾತಾಡುತ್ತಿದ್ದರು. ಕೇಳುವವರೂ ಇದ್ದರು.

ಆ ಪೆಟ್ಟಿಗೆ ಮಾತ್ರ ಮುಂದೆ ಕೆಡಲಿಲ್ಲ. ಲಿಂಫ್ ಬಂದ ದಿನವೇ ನಿಂಗಮ್ಮನವರು ಅದನ್ನು ನೆರಳಿನ ಕೋಣೆಗೆ ಹಾಕಿಸಿ, ಬಾಗಿಲಿಗೆ ಚಿಲಕ ಬೀಗ ಕೂರಿಸಿ ಎಂದು ನನಗೆ ಹೇಳಿದರು. ಬೀಗದ ಕೈ ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡರು. ಸೋಡಾ ಬಾಟಲಿಗಳು ಕೆಳಗಿಳಿದು ಲಿಂಫಿನ ಡಬ್ಬಿ ಮೇಲಕ್ಕೇರಿತು. ಬಸವಯ್ಯ ಬಂದರೆ ಬಾಗಿಲು ತೆರೆಯುತ್ತಿತ್ತು. ಗೌಡರು ನೆಂಟರೆದುರು ಕೀಲಿ ಕೇಳಿದಾಗ, “ದಾಕು ಐತೆ, ತಗಿಯಕಿಲ್ಲ,” ಎನ್ನುತ್ತಿದ್ದರಂತೆ.

ಮೂವತ್ತು ವರ್ಷ ನಾನು ಯಂತ್ರಗಳ ಬಾಗಿಲು ಬಿಚ್ಚಿ ಹಾಕಿದ್ದೇನೆ. ಸ್ಕ್ರೂ ಬಿಗಿದ ಕೂಡಲೇ ಮೆಕ್ಯಾನಿಕ್ಕಿನ ಕೆಲಸ ಮುಗಿಯಿತೆಂದು ಆ ಬೇಸಿಗೆಯವರೆಗೆ ತಿಳಿದಿದ್ದೆ. ಏನು ಕೆಟ್ಟಿತ್ತು, ಯಾರಿಂದ ಕೆಟ್ಟಿತ್ತು, ಎಷ್ಟು ದಿನದಿಂದ ಕೆಟ್ಟಿತ್ತು ಎಂದು ಬರೆದು ಸಹಿ ಹಾಕುವುದೂ ಕೆಲಸವೇ. ಅದನ್ನು ಓದುವವರು ನಾವು ಕಾಣದ ಊರುಗಳಲ್ಲಿರುತ್ತಾರೆ, ಓದಲು ಬಾರದ ಮಕ್ಕಳೂ ಅದನ್ನೇ ನಂಬಿ ತೋಳು ಚಾಚುತ್ತಾರೆ. ಗೌಡರಂಥವರು ನನಗೆ ಆಮೇಲೂ ಬೇಕಾದಷ್ಟು ಜನ ಸಿಕ್ಕರು. ಅವರನ್ನು ಕಂಡರೆ ತಿರಸ್ಕಾರ ಬರುತ್ತದೆ, ಬಂದು ಹೋಗುತ್ತದೆ. ಕೊಪ್ಪಲಿನ ಆ ತಾಯಿ ಎರಡನೆಯ ಸಲ ಮಗಳ ಕೈ ಹಿಡಿದು ಕೂರಿಸಿದ್ದು ನನ್ನ ಸಹಿಯನ್ನು ನಂಬಿ. ಆ ಸಹಿ ಹಾಕಿದವನ ಮೇಲಿನ ತಿರಸ್ಕಾರ ಮಾತ್ರ ಹಾಗೆ ಬಂದು ಹೋಗುವುದಿಲ್ಲ.